ಟವಲಿನ ಕೆಳಗೆ ನಡೆದ ವಿಧಾನಸಭೆ

ಚಿಕ್ಕಬಳ್ಳಾಪುರ ಬಿಟ್ಟು ಶಿಡ್ಲಘಟ್ಟದ ದಾರಿ ಹಿಡಿದ ಬಸ್ಸಿಗೆ ಊರು ಕಾಣುವ ಮೊದಲೇ ಊರಿನ ವಾಸನೆ ಸಿಗುತ್ತದೆ. ರೇಷ್ಮೆಗೂಡು ಬೇಯಿಸುವ ವಾಸನೆ ಅದು, ಗೂಡಿನೊಳಗೆ ಬೆಂದ ಹುಳುವಿನದು. ಹೋದ ತಿಂಗಳು, ಶ್ರಾವಣದ ಒಂದು ಬೆಳಗ್ಗೆ, ಮುಂದಿನ ಸೀಟಿನ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯ ಗಾಜು ಇನ್ನಷ್ಟು ಸರಿಸಿ ಎದೆ ತುಂಬ ಉಸಿರು ಎಳೆದುಕೊಂಡೆ. ಅವಳು ನನ್ನನ್ನು ತಿರುಗಿ ನೋಡಿದ ರೀತಿಯಲ್ಲಿ ಈ ಮುದುಕಿಗೆ ತಲೆ ಕೆಟ್ಟಿದೆ ಎಂಬುದು ಚೆನ್ನಾಗಿಯೇ ಕಾಣಿಸಿತು.

ಅಷ್ಟರಲ್ಲಿ ಕಂಡಕ್ಟರ್ ಬಂದ. ನಾಗರಾಜ, ಮಂಚೇನಹಳ್ಳಿಯ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ಕನ್ನಡ ಕಲಿತವನು. ಹೆಂಗಸರಿಗೆ ಕೊಡುವ ಜೀರೋ ಟಿಕೆಟ್ ಹರಿದುಕೊಡುತ್ತ, ಇಡೀ ಬಸ್ಸಿಗೆ ಕೇಳುವ ಹಾಗೆ ಅಂದ:

"ಏನ್ ಮೇಡಂ, ಪದ್ಯ ಮರೆತ್ರೆ ನಮ್ಮನ್ನ ಬೆಂಚ್ ಮೇಲೆ ನಿಲ್ಲಿಸ್ತಿದ್ರಿ. ಟೀವೀಲಿ ನೀವೇ ಡೈಲಾಗ್ ಮರ್ತು ಗಪ್‌ಚಿಪ್ ಅಂತ ಕೂತ್ಬಿಟ್ರಲ್ಲ!"

ಬಸ್ಸು ನಕ್ಕಿತು. ನಾನೂ ಹಲ್ಲು ಬಿಟ್ಟೆ. ನಾಲ್ಕು ವರ್ಷದಿಂದ ಈ ಮಾತಿಗೆ ಹಲ್ಲು ಬಿಡುವುದೇ ನನ್ನ ಉತ್ತರ. ಗೌರಿಬಿದನೂರಿನ ತರಕಾರಿ ಅಂಗಡಿಯವನು ಕೇಳಿದ್ದಾನೆ, ಕಣ್ಣಿನ ಡಾಕ್ಟರು ಕೇಳಿದ್ದಾರೆ, ನನ್ನ ಸ್ವಂತ ನಾದಿನಿ ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದಾಳೆ. ಮೂವತ್ತೊಂದು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ಎರಡು ಸಾಲು ಮರೆತಳಂತೆ. ಉತ್ತರ ಕೊಡಬೇಕಾದರೆ ಇನ್ನೊಬ್ಬಳ ಹೆಸರು ಎಳೆಯಬೇಕಾಗಿತ್ತು. ಅದಕ್ಕೇ ಸುಮ್ಮನಿದ್ದೆ. ಇನ್ನು ಸುಮ್ಮನಿರುವ ಅಗತ್ಯವಿಲ್ಲ.

ನಾನು ರಿಟೈರ್ ಆದ ವರ್ಷದ ಮಳೆಗಾಲ ಅದು. ಶಿಡ್ಲಘಟ್ಟದ ಹೊರಗೆ, ನೂಲು ತೆಗೆಯುವ ಕೆಲಸ ನಿಂತುಹೋಗಿದ್ದ ಒಂದು ದೊಡ್ಡ ಶೆಡ್ಡನ್ನು ಬಾಡಿಗೆಗೆ ಹಿಡಿದು, ಒಳಗೆ ಪ್ಲೈವುಡ್ಡಿನಲ್ಲಿ ವಿಧಾನಸಭೆ ಕಟ್ಟಿದರು. ರಾಜಕೀಯದ ಸೀರಿಯಲ್ಲು, ದಿನಾ ಸಂಜೆ ಏಳೂವರೆಗೆ ಪ್ರಸಾರ. ಅದಕ್ಕೊಂದು ಭಾರಿ ಹೆಸರಿತ್ತು. ನಮ್ಮ ಕಡೆ ಎಲ್ಲರೂ ಅದನ್ನು 'ಅಸೆಂಬ್ಲಿ' ಎಂದೇ ಕರೆದರು. ಮುಖ್ಯಮಂತ್ರಿ, ಅವನ ತಮ್ಮ, ತಮ್ಮನ ಹೆಂಡತಿ, ಸಭಾಧ್ಯಕ್ಷ, ಹೀಗೆ ಎಂಟು ಹತ್ತು ಜನ ನಟರು ಬೆಂಗಳೂರಿನಿಂದ ಕಾರಿನಲ್ಲಿ ಬಂದರು. ಉಳಿದ ನಲವತ್ತು ಶಾಸಕರು ಸುತ್ತಲಿನ ತಾಲ್ಲೂಕುಗಳಿಂದ ಬಸ್ಸಿನಲ್ಲಿ ಬಂದೆವು.

ವಾಟ್ಸಾಪಿನಲ್ಲಿ 'ಗಂಭೀರ ಮುಖದ ಹಿರಿಯರು ಬೇಕು' ಎಂದು ಬಂದಿತ್ತು. ನಮ್ಮ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಮಾತು ಕಡಿಮೆ, ಆಡಿದರೆ ಚುಚ್ಚದೆ ಬಿಡುವುದಿಲ್ಲ. "ಹೋಗು. ನಿನ್ನ ಮುಖ ನೋಡಿದ್ರೆ ಸೀದಾ ವಿರೋಧ ಪಕ್ಷಕ್ಕೆ ಹಾಕ್ತಾರೆ" ಅಂದರು. ಹಾಗೇ ಆಯಿತು. ವಿರೋಧ ಪಕ್ಷ, ಮೂರನೇ ಸಾಲು, ಹದಿನೇಳನೇ ನಂಬರಿನ ಸೀಟು.

ನಂಬರು ಅಂದರೆ ನಿಜವಾಗಿಯೂ ನಂಬರೇ. ಕಥೆಯಲ್ಲಿ ಒಂದು ದಿನ ನಡೆಯುವ ಅಧಿವೇಶನವನ್ನು ಹದಿನೈದು ದಿನ ತೆಗೆಯುತ್ತಿದ್ದರು. ಅಷ್ಟೂ ದಿನ ಅದೇ ಸೀಟು, ಅದೇ ಸೀರೆ, ಅದೇ ಕಡೆ ವಾಲಿದ ತಲೆ. ಸಹಾಯಕ ನಿರ್ದೇಶಕ ಪ್ರದೀಪ ಮೊಬೈಲಿನಲ್ಲಿ ನಮ್ಮ ಫೋಟೋ ಇಟ್ಟುಕೊಂಡು ಕೂಗುತ್ತಿದ್ದ: "ಹದಿನೇಳು, ಸೆರಗು ಎಡಕ್ಕಿತ್ತು. ಹದಿನಾರು, ಟವಲ್ ಭುಜದ ಮೇಲೆ. ಹದಿನೆಂಟು, ನಗಬೇಡಿ."

ಹದಿನಾರು ಅಂದರೆ ಚಿಂತಾಮಣಿಯ ಪಿಳ್ಳಪ್ಪ. ಎಪ್ಪತ್ತರ ಹತ್ತಿರದ ಮನುಷ್ಯ, ದನದ ಸಂತೆಗಳಲ್ಲಿ ದಲ್ಲಾಳಿಯಾಗಿ ಆಯುಷ್ಯ ಕಳೆದವನು. ಮೊದಲನೇ ವಾರದಲ್ಲೇ ಅವನಿಗೆ ರೇಗಿತು.

"ಏನಪ್ಪಾ ಪ್ರದೀಪಾ, ಕಿವಿಗೆ ನಂಬರ್ ಓಲೆ ಹಾಕೋದು ದನಕ್ಕೆ. ನಾನು ಶಾಸಕ. ನಂಗೊಂದು ಕ್ಷೇತ್ರ ಕೊಡು."

"ಸ್ಕ್ರಿಪ್ಟ್‌ನಲ್ಲಿ ಇಲ್ಲ ತಾತ."

"ಸ್ಕ್ರಿಪ್ಟ್‌ನಲ್ಲಿ ಲೇದಂಟೆ ನಾವೇ ತಗೊಂತೀವಿ ಬಿಡು."

ತಗೊಂಡೆವು. ಪಿಳ್ಳಪ್ಪ ಚಿಂತಾಮಣಿಯ ಶಾಸಕನಾದ. ನಾನು ಹುಟ್ಟಿದ ಊರು ನಗರಗೆರೆ, ಅದು ನನ್ನ ಕ್ಷೇತ್ರವಾಯಿತು. ಹದಿನೆಂಟನೇ ಸೀಟಿನ ಲಕ್ಷ್ಮಕ್ಕ ತವರುಮನೆ ಕಳವಾರವನ್ನು ಆರಿಸಿಕೊಂಡಳು, ಗಂಡನ ಊರಿನ ಹೆಸರು ಬೇಡವೇ ಬೇಡ ಅಂದಳು. ಅವಳ ಆಚೆ ಕೂತಿದ್ದ, ಗೂಡು ಕೊಂಡು ನೂಲು ತೆಗೆಸುವ ರೀಲರ್ ಅಮೀರ್ ಜಾನ್ ಸಾಬರಿಗೆ ಶಿಡ್ಲಘಟ್ಟ. ತಿಂಗಳು ಕಳೆಯುವುದರೊಳಗೆ ನಲವತ್ತು ಜನಕ್ಕೂ ನಲವತ್ತು ಕ್ಷೇತ್ರಗಳಾದವು. ಪ್ರದೀಪ 'ಹದಿನೇಳು' ಎಂದು ಕೂಗಿದರೆ ಯಾರೂ ತಿರುಗುತ್ತಿರಲಿಲ್ಲ. 'ನಗರಗೆರೆ ಮೇಡಂ' ಅನ್ನಬೇಕು, ಆಗ ಸೆರಗು ಸರಿಯಾಗುತ್ತಿತ್ತು.

ಆ ವರ್ಷ ಮಳೆಯೂ ಹಟಕ್ಕೆ ಬಿದ್ದಂತೆ ಬಂತು. ಶೆಡ್ಡಿಗೆ ತಗಡಿನ ಮಾಡು. ಮೇಲೆ ನಾಲ್ಕು ಹನಿ ಬಿದ್ದರೆ ಕೆಳಗೆ ಧ್ವನಿ ಹಿಡಿಯುವವನು ಹೆಡ್‌ಫೋನ್ ಕಿತ್ತು ಎಸೆಯುತ್ತಿದ್ದ. ಶೂಟಿಂಗ್ ನಿಂತಿತು ಅಂದರೆ ನಮ್ಮ ಅಧಿವೇಶನ ಶುರು. ಕುರ್ಚಿ ಬಿಟ್ಟು ಎದ್ದರೆ ಜಾಗ ತಪ್ಪುತ್ತದೆಂದು ನಮ್ಮನ್ನು ಅಲ್ಲೇ ಕೂರಿಸುತ್ತಿದ್ದರು. ಕೂತವರು ಸುಮ್ಮನಿರುತ್ತೀವಾ? ನಗರಗೆರೆಗೆ ಸಂಜೆ ಬಸ್ಸಿಲ್ಲ ಎಂದು ನಾನು ಎದ್ದು ನಿಂತು ಕೇಳಿದರೆ, ಎದುರಿನ ಆಡಳಿತ ಪಕ್ಷದ ಸಾಲಿನಿಂದ ಒಬ್ಬರು ಎದ್ದು "ಮಾನ್ಯ ಸದಸ್ಯರು ಸೈಕಲ್ ಕಲೀಬೇಕು" ಎನ್ನುತ್ತಿದ್ದರು. ಲಕ್ಷ್ಮಕ್ಕ ಸೇವಂತಿಗೆ ಬೆಳೆಯುವವಳು. ಹೂವಿನ ಮಾರುಕಟ್ಟೆಯಲ್ಲಿ ಹೆಂಗಸರಿಗೆ ಒಂದು ಪಾಯಿಖಾನೆ ಇಲ್ಲವೆಂದು ಅವಳು ಒಂದು ಮಧ್ಯಾಹ್ನ ಆಡಿದ ಮಾತಿಗೆ ಎರಡೂ ಪಕ್ಷದವರು ಮೇಜು ಕುಟ್ಟಿದ್ದರು. ಪ್ಲೈವುಡ್ ಮೇಜು, ಒಂದರ ಕಾಲು ಮುರಿದೇ ಹೋಯಿತು. ಬೆಂಗಳೂರಿನ ನಟರು ವಾಸನೆಗೆ ಹೆದರಿ ಕಾರಿನೊಳಗೆ ಕೂತಿರುತ್ತಿದ್ದರು. ನಮಗೆ ವಾಸನೆಯ ಪರಿವೆಯೇ ಇರಲಿಲ್ಲ.

ಮಳೆ ನಿಂತು ಕ್ಯಾಮೆರಾ ಶುರುವಾದರೆ ಮಾತ್ರ ಉಸಿರಿನ ಸದ್ದೂ ಬರಬಾರದು. ಅದಕ್ಕೆ ಪಿಳ್ಳಪ್ಪ ತನ್ನ ಕಸುಬಿನ ಉಪಾಯ ಹೇಳಿಕೊಟ್ಟ. ದನದ ಸಂತೆಯಲ್ಲಿ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಇಬ್ಬರ ಕೈಯ ಮೇಲೂ ಒಂದು ಟವಲ್ ಬೀಳುತ್ತದೆ, ಅದರ ಕೆಳಗೆ ಬೆರಳು ಬೆರಳು ಹಿಡಿದು ಮಾತಾಡುತ್ತವೆ, ಸುತ್ತ ನಿಂತವರಿಗೆ ಒಂದೂ ತಿಳಿಯುವುದಿಲ್ಲ. ಅದನ್ನೇ ನಾವು ಸಾಲಿನುದ್ದಕ್ಕೂ ಮಾಡಿಕೊಂಡೆವು. ಕಿರುಬೆರಳು ಹಿಡಿದರೆ ಟೀ ಬಂತು. ಹೆಬ್ಬೆರಳು ಹಿಡಿದರೆ ಡೈರೆಕ್ಟರ್ ಕೋಪದಲ್ಲಿದ್ದಾರೆ, ಹುಷಾರು. ಬಿಡಿಸಿದ ಅಂಗೈಯನ್ನು ಕೈಯಲ್ಲಿಟ್ಟರೆ, ನನ್ನದು ಮುಗೀತು, ಇನ್ನು ನೀನು ಹೇಳು. ಮುಷ್ಟಿ ಕಟ್ಟಿದರೆ ವ್ಯಾಪಾರ ಬೇಡ, ಬಿಟ್ಟೇಳು. ಪಿಳ್ಳಪ್ಪನ ಟವಲು, ನಮ್ಮಂಥವರ ಸೆರಗು, ಅಮೀರ್ ಜಾನ್ ಸಾಬರ ಶಾಲು, ಹೀಗೆ ಒಂದು ಸುದ್ದಿ ಸಾಲಿನ ಈ ತುದಿಯಿಂದ ಆ ತುದಿಗೆ ಒಂದು ನಿಮಿಷದಲ್ಲಿ ಹೋಗುತ್ತಿತ್ತು. ಕ್ಯಾಮೆರಾದಲ್ಲಿ ಕಾಣುತ್ತಿದ್ದುದು ಸೊಂಟದ ಮೇಲಿನ ಗಂಭೀರ ಮುಖಗಳು ಮಾತ್ರ.

ಕಾರ್ತಿಕ ಬಂದರೂ ಮಳೆ ಬಿಡಲಿಲ್ಲ. ಮುಂಚೆ ತೆಗೆದಿಟ್ಟ ಕಂತುಗಳೆಲ್ಲ ಖರ್ಚಾಗಿ, ಇವತ್ತು ತೆಗೆದದ್ದು ನಾಳೆ ಸಂಜೆ ಪ್ರಸಾರವಾಗುವ ಸ್ಥಿತಿ. ಮುಖ್ಯಮಂತ್ರಿಯ ಪಾತ್ರದವನಿಗೆ ಯಾವುದೋ ಸಿನಿಮಾ ಸಿಕ್ಕಿತ್ತು, ಹೊರಡುವ ಅವಸರ. ಆಗ ಬಂತು ಅವಿಶ್ವಾಸ ಗೊತ್ತುವಳಿಯ ದೃಶ್ಯ. ಕಥೆ ಇಷ್ಟೇ: ವಿರೋಧ ಪಕ್ಷದ ಒಬ್ಬ ಶಾಸಕಿ ಒಡವೆಯ ಪೆಟ್ಟಿಗೆ ತೆಗೆದುಕೊಂಡು, ಸದನದಲ್ಲಿ ಎದ್ದು ನಿಂತು ಆತ್ಮಸಾಕ್ಷಿಯ ಮಾತಾಡಿ, ನಡೆದು ಆ ಕಡೆ ಹೋಗಿ ಕೂರುತ್ತಾಳೆ, ಸರ್ಕಾರ ಉಳಿಯುತ್ತದೆ. ಆ ಶಾಸಕಿಯ ಪಾತ್ರಕ್ಕೆ ಲಕ್ಷ್ಮಕ್ಕನನ್ನು ಆರಿಸಿದರು. ಮುಖದಲ್ಲಿ ಮುಗ್ಧತೆ ಇದೆಯಂತೆ, ಹಾಗಾಗಿ ಜನಕ್ಕೆ ಆಘಾತವಾಗುತ್ತದಂತೆ.

ಲಕ್ಷ್ಮಕ್ಕ ಒಂದೇ ಮಾತಿನಲ್ಲಿ ಆಗಲ್ಲ ಅಂದಳು.

"ಬರೀ ಆಕ್ಟಿಂಗ್ ಅಲ್ವಾ ಅಕ್ಕ" ಎಂದ ಪ್ರದೀಪ.

"ನಿನಗೆ ಆಕ್ಟಿಂಗು. ನನಗೆ ಊರಿಗೆ ಹೋಗ್ಬೇಕು."

ಮಧ್ಯಾಹ್ನದ ಊಟದಲ್ಲಿ ಅವಳು ನಮ್ಮ ಸಾಲಿನವರಿಗೆ ಕಾರಣ ಹೇಳಿದಳು. ಅವಳು ನಿಜವಾಗಿಯೂ ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದವಳು. ಯಾವ ಊರು ಎಂದು ಬರೆಯುವುದಿಲ್ಲ. ಅಧ್ಯಕ್ಷರ ಚುನಾವಣೆಗೆ ಮುಂಚೆ ಸದಸ್ಯರನ್ನೆಲ್ಲ ದೇವರ ದರ್ಶನವೆಂದು ವ್ಯಾನು ಹತ್ತಿಸಿ ಒಂದು ರೆಸಾರ್ಟಿಗೆ ಸಾಗಿಸಿದ್ದರು. ಅಲ್ಲಿ ತಲೆಗೊಂದು ಪೊಟ್ಟಣ ಹಂಚಲು ಶುರುಮಾಡಿದಾಗ ಇವಳು ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ನಡೆದು, ಸಿಕ್ಕಿದ ಬಸ್ಸು ಹತ್ತಿ ಊರಿಗೆ ಬಂದಳು. ಊರು ನಂಬಲಿಲ್ಲ. 'ತಗೊಂಡೇ ಬಂದಿದ್ದಾಳೆ, ಎಲ್ಲರಿಗಿಂತ ಮೊದಲು ಬಂದಳು ಅಷ್ಟೇ' ಅಂದಿತು. ಮುಂದಿನ ಸಲ ಸೋಲಿಸಿತು. ಅವಳ ಹೂವು ಕೊಳ್ಳುವವರೂ ಕೊಂಕು ಆಡಿದರು.

"ಆರು ವರ್ಷ ಆಯ್ತು ಮೇಡಂ, ಈಗೀಗ ಬಾಯಿ ಮುಚ್ಚಿದ್ದಾರೆ. ಟೀವೀಲಿ ಪೆಟ್ಟಿಗೆ ಇಸ್ಕೊಂಡ್ರೆ ಇಡೀ ಊರು ಎದುರಿಗೆ ಕೂತು ನೋಡುತ್ತೆ. ಅವತ್ತು ನಾವು ಹೇಳಿದ್ದೇ ನಿಜ ಅನ್ನುತ್ತೆ. ಕತೆ ಅಂತ ಯಾರಿಗೆ ಹೇಳ್ಕೊಂಡು ಬರ್ಲಿ?"

ಊಟ ಮುಗಿಯುವುದರೊಳಗೆ ನಿರ್ದೇಶಕರ ತೀರ್ಪು ಬಂತು. ಹದಿನೆಂಟು ಬೇಡವೆಂದರೆ ಬೇರೆ ಯಾರಾದರೂ ಎದ್ದು ಹೋಗಲಿ. ಆ ದೃಶ್ಯ ಮುಗಿದ ಮೇಲೆ ಹದಿನೆಂಟು ಬರುವುದು ಬೇಡ. ಪ್ರದೀಪ ಸಾಲಿನುದ್ದಕ್ಕೂ ಕೇಳಿಕೊಂಡು ಬಂದ. ಹೆಂಗಸೇ ಆಗಬೇಕೆಂದಿಲ್ಲ ಅಂದ. ಅಮೀರ್ ಜಾನ್ ಸಾಬರು "ಕ್ಲೋಸಪ್ ಎಲ್ಲ ನಮಗೆ ಬ್ಯಾಡಪ್ಪ, ಗೂಡು ಕೊಡೋ ರೈತರಿಗೆ ನಾವು ಮುಖ ತೋರಿಸ್ಬೇಕು" ಅಂದರು. ಪಿಳ್ಳಪ್ಪ ತನಗೆ ಕಿವಿ ಕೇಳುವುದಿಲ್ಲವೆಂದು ನಟಿಸಿದ. ಒಬ್ಬೊಬ್ಬರೂ ತಲೆ ಆಡಿಸಿದರು.

ನನ್ನ ಸರದಿ ಬಂತು. ನಾನು ಹೂಂ ಅಂದೆ.

ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಆದರೆ ಸುಳ್ಳು ಹೇಳುವುದಿಲ್ಲ, ನನಗೆ ಆ ಎರಡು ಸಾಲು ಬೇಕಿತ್ತು. ಮೂವತ್ತೊಂದು ವರ್ಷ ಬೇರೆಯವರ ಬಾಯಿಂದ ಕನ್ನಡ ಹೇಳಿಸಿದವಳು ನಾನು. ಒಂದು ದಿನ, ಒಂದೇ ಒಂದು ದಿನ, ನಾನು ಎದ್ದು ನಿಂತು ಮಾತಾಡಬೇಕು, ಎಲ್ಲರೂ ಬಾಯಿ ಮುಚ್ಚಿ ಕೇಳಬೇಕು. ಅದಕ್ಕೆ ಸಬೂಬುಗಳೂ ಸಿಕ್ಕವು. ನನಗೆ ಪಂಚಾಯ್ತಿಯ ಹಳೇ ಕಥೆ ಇಲ್ಲ, ಮೇಷ್ಟ್ರಮ್ಮ ಅಂತ ಜನಕ್ಕೆ ಗೊತ್ತು, ನನ್ನನ್ನು ಯಾರು ಏನಂದಾರು?

ಮಧ್ಯಾಹ್ನವಿಡೀ ನಮ್ಮ ಸಾಲಿನಲ್ಲಿ ಒಂದು ಬೆರಳೂ ನನ್ನ ಕೈ ಹಿಡಿಯಲಿಲ್ಲ. ಟೀ ಬಂದದ್ದು ನನಗೆ ಗೊತ್ತೇ ಆಗಲಿಲ್ಲ.

ಮರುದಿನ ಬೆಳಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತ ಸಾಲು ಹೇಳಿಕೊಂಡೆ. ಸನ್ಮಾನ್ಯ ಸಭಾಧ್ಯಕ್ಷರೇ, ನನ್ನ ಪಕ್ಷಕ್ಕಿಂತ ನನಗೆ ನನ್ನ ಆತ್ಮಸಾಕ್ಷಿ ದೊಡ್ಡದು. ಅದರ ಮಾತು ಕೇಳಿ, ಇಂದು ನಾನು ಈ ಸರ್ಕಾರದ ಪರವಾಗಿ ನಿಲ್ಲುತ್ತಿದ್ದೇನೆ. ಯಜಮಾನರು ಪೇಪರ್ ಮಡಿಸಿ ಕೇಳಿಸಿಕೊಂಡರು. ಲಕ್ಷ್ಮಕ್ಕನ ಸಂಗತಿಯನ್ನೆಲ್ಲ ಅವರಿಗೆ ಹೇಳಿದ್ದೆ.

"ಚೆನ್ನಾಗಿ ಹೇಳ್ತೀಯ ಕಣೇ" ಅಂದರು. "ಜನ ನಂಬೋ ಹಾಗೇ ಹೇಳ್ತೀಯ. ನಂಗೆ ಅದೇ ಸರಿ ಕಾಣ್ತಿಲ್ಲ."

ರವೆ ಸೀದುಹೋಯಿತು. ಅವರ ಮೇಲೆ ಕೂಗಾಡಿ ಬಸ್ಸು ಹತ್ತಿದೆ.

ಆ ದಿನ ಮಳೆ ಇರಲಿಲ್ಲ. ಎರಡು ಸಲ ಪೂರ್ವಾಭ್ಯಾಸ ಮಾಡಿಸಿದರು. ಎರಡು ಸಲವೂ ಅಕ್ಷರ ತಪ್ಪದೆ ಹೇಳಿದೆ, ಕ್ಯಾಮೆರಾದವರು ಚಪ್ಪಾಳೆ ತಟ್ಟಿದರು. ನನ್ನ ಸಾಲಿನವರು ತಟ್ಟಲಿಲ್ಲ. ಟೇಕಿಗೆ ಮುಂಚೆ ಎಂದಿನಂತೆ ನನ್ನ ಸೀಟಿನಲ್ಲಿ, ಪಿಳ್ಳಪ್ಪ ಮತ್ತು ಲಕ್ಷ್ಮಕ್ಕನ ನಡುವೆ ಕೂರಿಸಿದರು. ಎದ್ದು ಹೋಗಬೇಕಾದದ್ದು ಅಲ್ಲಿಂದಲೇ. ಮೇಕಪ್ಪಿನವಳು ಸರಿದ ಮೇಲೆ ಲಕ್ಷ್ಮಕ್ಕ ಬಗ್ಗಿ ನನ್ನ ಸೆರಗಿನ ಮಡಿಕೆ ಕೂಡಿಸಿ, ತನ್ನ ರವಿಕೆಯಿಂದ ಪಿನ್ನು ತೆಗೆದು ಭುಜಕ್ಕೆ ಚುಚ್ಚಿದಳು.

"ನಿಂತಾಗ ಜಾರುತ್ತೆ ಮೇಡಂ. ಎಲ್ಲರೂ ನೋಡ್ತಾರೆ, ಚೆನ್ನಾಗಿ ಕಾಣ್ಬೇಕು ನೀವು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಾಡಿದ್ದರೆ ನಾನು ಎದ್ದು ಹೋಗಿ ಆ ಕಡೆ ಕೂತೇ ಬಿಡುತ್ತಿದ್ದೆ. ನಾಳೆಯಿಂದ ಅವಳಿಲ್ಲಿ ಇರುವುದಿಲ್ಲ, ಅದಕ್ಕೆ ದಾರಿ ಮಾಡಿಕೊಡುತ್ತಿರುವುದು ನಾನು, ಅವಳು ನನ್ನ ಸೆರಗಿಗೆ ಪಿನ್ನು ಚುಚ್ಚುತ್ತಿದ್ದಾಳೆ.

"ಸೈಲೆನ್ಸ್" ಎಂದು ಪ್ರದೀಪ ಕೂಗಿದ. ಶೆಡ್ಡು ತಣ್ಣಗಾಯಿತು. ಮುಖ್ಯಮಂತ್ರಿ ತನ್ನ ಭಾಷಣ ಶುರುಮಾಡಿದ. ಆಗ ಪಿಳ್ಳಪ್ಪನ ಟವಲು ಭುಜದಿಂದ ಜಾರಿ ನನ್ನ ಕೈಯ ಮೇಲೆ ಬಿತ್ತು. ಅದರ ಕೆಳಗೆ ಅವನ ಒರಟು ಕೈ ಬಂದು ನನ್ನ ಬೆರಳುಗಳ ನಡುವೆ ಅಂಗೈ ಬಿಡಿಸಿ ಇಟ್ಟಿತು. ಇನ್ನು ನೀನು ಹೇಳು. ಅವನು ಬೇಡ ಅನ್ನಲಿಲ್ಲ, ಮಾಡು ಅನ್ನಲಿಲ್ಲ. ಎದುರಿಗೆ ನೋಡುತ್ತ ಗಂಭೀರವಾಗಿ ಕೂತಿದ್ದ.

ನಾನು ಆ ಅಂಗೈಯೊಳಗೆ ಮುಷ್ಟಿ ಕಟ್ಟಿದೆ. ವ್ಯಾಪಾರ ಬೇಡ.

ಇನ್ನೊಂದು ಕೈಯನ್ನು ಸೆರಗಿನ ಕೆಳಗೆ ಲಕ್ಷ್ಮಕ್ಕನ ಕೈಗೆ ಕೊಟ್ಟೆ. ಅದೂ ಮುಷ್ಟಿಯೇ. ಅವಳ ಕೈ ಅಮೀರ್ ಜಾನ್ ಸಾಬರ ಶಾಲಿನ ಕಡೆ ಸರಿಯಿತು. ಮುಖ್ಯಮಂತ್ರಿಯ ಭಾಷಣ ಮುಗಿಯುವುದರೊಳಗೆ ಮುಷ್ಟಿ ನಮ್ಮ ಸಾಲಿನ ಎರಡೂ ತುದಿ ಮುಟ್ಟಿತ್ತು.

"ಮಾನ್ಯ ಸದಸ್ಯೆ ಏನೋ ಹೇಳಬಯಸುತ್ತಾರೆ" ಎಂದು ಸಭಾಧ್ಯಕ್ಷ ನನ್ನ ಕಡೆ ನೋಡಿದ.

ನಾನು ಏಳಲಿಲ್ಲ. ಮಾತೂ ಆಡಲಿಲ್ಲ. ನನ್ನ ಪುಣ್ಯಕ್ಕೆ ನಿರ್ದೇಶಕರು ಅದನ್ನು ಅಭಿನಯ ಎಂದುಕೊಂಡರು. ಹಿಂಜರಿಕೆ, ಒಳಗಿನ ಹೋರಾಟ, ಅಂಥದ್ದೇನೋ. ಕ್ಯಾಮೆರಾ ಹತ್ತಿರ ತಂದರು. ಇನ್ನೂ ಹತ್ತಿರ ತಂದರು. ಆ ಕರಿ ಗಾಜನ್ನು ನಾನು ನೇರವಾಗಿ ನೋಡಿದೆ. ಜೀವನದಲ್ಲಿ ಅಷ್ಟು ಜೋರಾಗಿ ನಾನು ಸುಮ್ಮನಿದ್ದದ್ದು ಅದೇ ಮೊದಲು. ಆಮೇಲೆ ಕ್ಯಾಮೆರಾ ಪಿಳ್ಳಪ್ಪನ ಮುಖಕ್ಕೆ, ಲಕ್ಷ್ಮಕ್ಕನ ಮುಖಕ್ಕೆ, ಹೀಗೆ ಸಾಲಿನುದ್ದಕ್ಕೂ ಹೋಯಿತು. ಯಾರೂ ಕಣ್ಣು ತಗ್ಗಿಸಲಿಲ್ಲ.

"ಕಟ್!" ಎಂದ ಮೇಲೆ ಆದ ರಂಪ ಹೇಳುವುದು ಬೇಡ. ಪ್ರದೀಪ ಓಡಿ ಬಂದು "ಮೇಡಂ, ಡೈಲಾಗ್ ಮರೆತ್ರಾ? ಪ್ರಾಂಪ್ಟ್ ಮಾಡ್ಲಾ?" ಎಂದು ಕೇಳಿದ.

"ಮರೆತಿಲ್ಲಪ್ಪ. ಹೇಳಲ್ಲ."

"ಹಂಗಂದ್ರೆ?"

"ಕಳವಾರದ ಶಾಸಕರು ಲಕ್ಷ್ಮಕ್ಕ ಇರ್ತಾರೆ ಅಂದ್ರೆ ನಾವೂ ಇರ್ತೀವಿ. ಎದ್ದು ಆ ಕಡೆ ಹೋಗೋರು ಈ ಸಾಲಲ್ಲಿ ಯಾರೂ ಇಲ್ಲ. ಬೇಕಾದ್ರೆ ಒಬ್ಬೊಬ್ಬರನ್ನೂ ಕೇಳ್ಕೊಂಡು ಬಾ."

ಅವನು ಕೇಳಿಕೊಂಡೂ ಬಂದ. ಅಷ್ಟರಲ್ಲಿ ತಗಡಿನ ಮೇಲೆ ಮೊದಲ ಹನಿ ಬಿತ್ತು. ಧ್ವನಿಯವನು ಹೆಡ್‌ಫೋನ್ ಕಿತ್ತ. ಮುಖ್ಯಮಂತ್ರಿ ಕಾರಿನ ಕೀಲಿ ಕೈಗೆ ತೆಗೆದುಕೊಂಡು ಗಡಿಯಾರ ನೋಡಿದ. ಹೊರಗಿನವರನ್ನು ಕರೆಸಿ ನಮ್ಮ ಸೀಟಿನಲ್ಲಿ ಕೂರಿಸೋಣವೆಂದರೆ ಎರಡು ತಿಂಗಳಿಂದ ಅಲ್ಲಿ ನಮ್ಮ ಮುಖಗಳೇ ಇದ್ದವು. ತೆಗೆದದ್ದನ್ನೇ ನಾಳೆ ಸಂಜೆ ತೋರಿಸದೆ ಗತ್ಯಂತರವಿರಲಿಲ್ಲ. ಒಡವೆಯ ಪೆಟ್ಟಿಗೆಯ ದೃಶ್ಯ ಬಿಟ್ಟೇಹೋಯಿತು. ಯಾರೂ ಪಕ್ಷ ಬಿಡಲಿಲ್ಲ, ಸರ್ಕಾರ ಬಿತ್ತು. ನನ್ನ ಮುಖದ ಮೇಲೆ ಒಂದು ಪಿಟೀಲು, ಹಿಂದೆ ಗುಡುಗು. ಕ್ಯಾಮೆರಾ ನನ್ನ ಮೇಲೇ ಅಷ್ಟು ಹೊತ್ತು ನಿಂತದ್ದರಿಂದ ಮೇಷ್ಟ್ರಮ್ಮ ಏನನ್ನೋ ಹೇಳಲು ಹೋಗಿ ಮರೆತಳೆಂದು ಸುತ್ತಲಿನ ತಾಲ್ಲೂಕುಗಳ ಜನ ತಾವೇ ತೀರ್ಮಾನಿಸಿದರು.

ಆ ವಾರ ಕಳೆದು ಪ್ರದೀಪ ಫೋನ್ ಮಾಡಿದ.

"ಮೇಡಂ, ಕಥೆ ಐದು ವರ್ಷ ಮುಂದಕ್ಕೆ ಹೋಗಿದೆ. ಹೊಸ ಅಸೆಂಬ್ಲಿ, ಬೆಂಗಳೂರಲ್ಲೇ ಸೆಟ್ಟು. ನಿಮ್ಮ ನಲವತ್ತೂ ಜನರ ಪಾತ್ರ ಮುಗೀತು."

"ನಾವು ಚುನಾವಣೇಲಿ ಸೋತ್ವೇನಪ್ಪಾ?"

"ಹಾಗಂತ ಇಟ್ಕೊಳ್ಳಿ."

"ಯಾವಾಗ ನಡೀತೋ ಚುನಾವಣೆ? ನಮಗೆ ಹೇಳ್ಲೇ ಇಲ್ಲ!"

ಅವನು "ನಂಗಂತೂ ಆ ಸೀನ್ ತುಂಬಾ ಇಷ್ಟ ಆಯ್ತು ಮೇಡಂ" ಎಂದು ಮೆಲ್ಲಗೆ ಹೇಳಿ ಫೋನ್ ಇಟ್ಟ. ಎಲ್ಲರೂ ಒಟ್ಟಿಗೆ ಹೋದೆವು, ಲಕ್ಷ್ಮಕ್ಕ ಒಬ್ಬಳೇ ಹೋಗಲಿಲ್ಲ. ಪಿಳ್ಳಪ್ಪನಿಗೆ ವಿಷಯ ತಿಳಿಸಿದರೆ, "ಪರ್ವಾಲೇದು ಬಿಡಮ್ಮಾ, ಬೇಡಾದ ವ್ಯಾಪಾರ ಬಿಟ್ಟು ಎದ್ದು ಬಂದ್ವಿ" ಅಂದ. ಎರಡು ವರ್ಷದ ಹಿಂದೆ ಅವನು ತೀರಿಕೊಂಡಾಗ ಚಿಂತಾಮಣಿಗೆ ಹೋಗಿದ್ದೆವು. ಬಂದ ಶಾಸಕರನ್ನು ಎಣಿಸಿ ನೋಡಿ ಅವನ ಮಗ ದಂಗಾಗಿ ನಿಂತಿದ್ದ.

ಈಗೇಕೆ ಬರೆಯುತ್ತಿದ್ದೇನೆ ಅಂದರೆ, ಶ್ರಾವಣದ ಆ ಪ್ರಯಾಣಕ್ಕೆ ಎರಡು ದಿನ ಮುಂಚೆ ಲಕ್ಷ್ಮಕ್ಕ ಫೋನ್ ಮಾಡಿದ್ದಳು. ಮುಂದಿನ ಪಂಚಾಯ್ತಿ ಚುನಾವಣೆಗೆ ಮತ್ತೆ ನಿಲ್ಲುತ್ತಾಳಂತೆ. ಊರಿನ ಕೆಲವರು ಹಳೇ ರೆಸಾರ್ಟಿನ ಕಥೆ ಮತ್ತೆ ಎತ್ತಿದ್ದಾರಂತೆ.

"ಎತ್ಲಿ ಬಿಡಿ. ನಾನೇ ಅರಳಿಕಟ್ಟೆ ಹತ್ರ ನಿಂತು ಹೇಳ್ದೆ, ಹೌದು, ವ್ಯಾನ್ ಹತ್ತಿದ್ದೆ, ಪೊಟ್ಟಣ ಕಂಡ ಕೂಡ್ಲೆ ಇಳ್ಕೊಂಡು ಬಸ್ಸಲ್ಲಿ ಬಂದೆ, ನಿಮ್ಮಲ್ಲಿ ಯಾರಾದ್ರೂ ಬಂದ್ರಾ ಅಂತ. ನೀವೂ ಇನ್ಮೇಲೆ ಮುಚ್ಚಿಡ್ಬೇಡಿ ಮೇಡಂ. ನನಗೋಸ್ಕರ ನೀವ್ಯಾಕೆ ಮರೆವಿನವಳು ಅನ್ನಿಸ್ಕೋತೀರಾ?"

ಬಸ್ಸು ಶಿಡ್ಲಘಟ್ಟದ ನಿಲ್ದಾಣಕ್ಕೆ ತಿರುಗುತ್ತಿತ್ತು. ನಾಗರಾಜ ಬಾಗಿಲ ಹತ್ತಿರ ನಿಂತು ಇನ್ನೂ ನಗುತ್ತಿದ್ದ. ನಾನು ಸೀಟಿನಿಂದ ಎದ್ದು, ಕಂಬಿ ಹಿಡಿದು, ಮೂವತ್ತೊಂದು ವರ್ಷದ ಗಂಟಲು ತೆಗೆದೆ.

"ಸನ್ಮಾನ್ಯ ಸಭಾಧ್ಯಕ್ಷರೇ! ನನ್ನ ಪಕ್ಷಕ್ಕಿಂತ ನನಗೆ ನನ್ನ ಆತ್ಮಸಾಕ್ಷಿ ದೊಡ್ಡದು. ಅದರ ಮಾತು ಕೇಳಿ, ಇಂದು ನಾನು ಈ ಸರ್ಕಾರದ ಪರವಾಗಿ ನಿಲ್ಲುತ್ತಿದ್ದೇನೆ."

ಬಸ್ಸು ಪೂರ್ತಿ ತಿರುಗಿ ನೋಡಿತು. ಮುಂದಿನ ಸೀಟಿನ ಹುಡುಗಿ ಮೂಗಿನಿಂದ ದುಪಟ್ಟಾ ತೆಗೆದಳು.

"ನಾಗರಾಜ, ಇದೇ ನಾನು ಅವತ್ತು ಹೇಳ್ಬೇಕಿದ್ದ ಡೈಲಾಗು. ತಡವರಿಸಿದ್ನಾ?"

"ಇಲ್ಲ ಮೇಡಂ."

"ಮತ್ತೆ ಏನನ್ಬೇಕು? ಮೇಡಂ ಮರೆತ್ರು ಅನ್ಬೇಕಾ?"

ಅವನ ನಗು ನಿಂತಿತ್ತು. "ಮೇಡಂ... ಹೇಳ್ಲಿಲ್ಲ ಅನ್ಬೇಕು."

"ಕೇಳಿಸ್ಲಿಲ್ಲ. ಜೋರಾಗಿ."

"ಮೇಡಂ ಮರೀಲಿಲ್ಲ, ಹೇಳ್ಲಿಲ್ಲ!"

ಹೈಸ್ಕೂಲಿನಲ್ಲಿ ಮಾಡಿಸುತ್ತಿದ್ದ ಹಾಗೆ ಇನ್ನೊಂದು ಸಲ ಹೇಳಿಸಿ ಇಳಿದೆ.